ಐವತ್ತನಾಲ್ಕರಲ್ಲಿ ನಿಲ್ಲಲು ಕಲಿತೆ

ಕುರುಗೋಡಿನ ಗುಡ್ಡಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಬಂಡೆಯ ಮೇಲೆ ಬಂಡೆ ಕೂತಿರುತ್ತದೆ. ಕೆಲವನ್ನು ನೋಡಿದರೆ ಈಗಲೋ ಆಗಲೋ ಉರುಳಿಬಿಡುತ್ತವೆ ಎನ್ನಿಸುತ್ತದೆ. ಆದರೆ ನಮ್ಮ ತಾತನ ಕಾಲದಲ್ಲೂ ಅವು ಹಾಗೆಯೇ ಇದ್ದವು. ಒಂಬತ್ತನೆಯ ತರಗತಿಗೆ ಗುರುತ್ವಕೇಂದ್ರದ ಪಾಠ ಮಾಡುವಾಗ ಕಿಟಕಿಯಿಂದ ಆ ಬಂಡೆಗಳನ್ನು ತೋರಿಸುವುದು ನನ್ನ ವಾಡಿಕೆ. ಗುರುತ್ವಕೇಂದ್ರದಿಂದ ನೇರವಾಗಿ ಕೆಳಗೆಳೆದ ಗೆರೆ ವಸ್ತುವಿನ ತಳದೊಳಗೆ ಬಿದ್ದರೆ ಅದು ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಚಿತ್ರ, ಕೆಳಗೆ ಎರಡು ವಾಕ್ಯ, ಪಾಠ ಮುಗಿಯಿತು.

ಎರಡು ವರ್ಷದ ಹಿಂದೆ ಹೀಗೆ ಪಾಠ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಬಂಡೆ ಅಂದ್ರ ಅಲುಗಾಡಂಗಿಲ್ಲ. ನಮ್ಮಣ್ಣನ ಮೊಬೈಲ್‌ನಾಗ ಚೀನಾದ ಮುದುಕೊಬ್ಬ ಒಂಟಿ ಕಾಲ್ಮ್ಯಾಲೆ ನಿಧಾನಕ್ಕ ತಿರುಗತಾನ. ಅವ ಯಾಕ ಬೀಳಂಗಿಲ್ಲ?" ನಾನು ಅದೇ ನಿಯಮವನ್ನು ಮತ್ತೊಮ್ಮೆ ಹೇಳಿದೆ. ಅವಳು ಬಿಡಲಿಲ್ಲ. "ಅದು ಸರಿ ಸಾರ್. ಅವ ಅದನ್ನ ಹ್ಯಾಂಗ ಮಾಡ್ತಾನ?"

ಮಾಡಿ ತೋರಿಸೋಣವೆಂದು ಸೀಮೆಸುಣ್ಣ ಹಿಡಿದುಕೊಂಡೇ ಒಂದು ಕಾಲೆತ್ತಿದೆ. ಮೂರು ಸೆಕೆಂಡೂ ಆಗಿರಲಿಲ್ಲ, ಮೇಜು ಹಿಡಿದುಕೊಂಡಿದ್ದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಬಳ್ಳಾರಿಯ ಬಸ್ಸಿನಲ್ಲಿ ಕೂತಾಗ ಆ ಪ್ರಶ್ನೆ ಜೊತೆಗೇ ಬಂತು. ಅದಕ್ಕೊಂದು ಕಾರಣವೂ ಇತ್ತು.

ಅದೇ ವರ್ಷ ಸಿರುಗುಪ್ಪದ ನಮ್ಮ ಹಳೆಯ ಮನೆಯಲ್ಲಿ, ಬಚ್ಚಲ ಹೊಸ್ತಿಲ ಹತ್ತಿರ, ನಮ್ಮವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಜಾರಿ ಬಿದ್ದದ್ದಲ್ಲ. ಸೀರೆಯ ನೆರಿಗೆ ಎತ್ತಿಕೊಂಡು ಒಂದು ಕಾಲನ್ನು ಹೊಸ್ತಿಲು ದಾಟಿಸುವಾಗ ಇನ್ನೊಂದು ಕಾಲು ಅವಳನ್ನು ಹೊರಲಿಲ್ಲ, ಅಷ್ಟೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, "ವಯಸ್ಸಾದಂತೆ ಮೂಳೆ ಸವೆಯುವುದು ಒಂದು, ಸಮತೋಲನ ತಪ್ಪುವುದು ಇನ್ನೊಂದು. ನೀವೂ ಈಗಿನಿಂದಲೇ ಎಚ್ಚರ ವಹಿಸಿ" ಎಂದಿದ್ದರು. ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಮೇಜು ಹಿಡಿದುಕೊಂಡಾಗ ನನಗೆ ನೆನಪಾದದ್ದು ಆ ಹೊಸ್ತಿಲು.

ಚೀನಾದ ಮುದುಕನ ವಿದ್ಯೆ

ಹುಡುಗಿ ಹೇಳಿದ ವಿದ್ಯೆಯ ಹೆಸರು ತಾಯ್ ಚಿ. ಪೂರ್ತಿ ಹೆಸರು ತಾಯ್ ಚಿ ಚ್ವಾನ್. ಇದರಲ್ಲಿನ 'ಚಿ' ಎಂದರೆ ಉಸಿರು, ಪ್ರಾಣಶಕ್ತಿ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬೇರೆಯೇ ಪದ, ಇಲ್ಲಿನ 'ಚಿ'ಗೆ ತುತ್ತತುದಿ, ಪರಮಾವಧಿ ಎಂಬರ್ಥ. 'ಚ್ವಾನ್' ಎಂದರೆ ಮುಷ್ಟಿ. ಅಂದರೆ ಪಾರ್ಕಿನಲ್ಲಿ ಮುದುಕರು ಗಾಳಿಯಲ್ಲಿ ತೇಲಿದಂತೆ ಮಾಡುವ ಈ ವ್ಯಾಯಾಮ ಮೂಲತಃ ಒಂದು ಮಲ್ಲವಿದ್ಯೆ.

ಚೀನಾದ ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ 17ನೆಯ ಶತಮಾನದಲ್ಲಿ ಇದು ರೂಪುಗೊಂಡಿತು ಎನ್ನುತ್ತಾರೆ. ಯಾಂಗ್ ಲುಚಾನ್ (1799–1872) ಎಂಬವನು ಹೊರಗಿನಿಂದ ಬಂದು ಚೆನ್ ಮನೆತನದವರಲ್ಲಿ ಕಲಿತು, ಬೀಜಿಂಗಿಗೆ ಒಯ್ದು ಕಲಿಸಿದ. ಅವನು ಮನೆಗೆಲಸದವನಾಗಿ ಸೇರಿ, ಗೋಡೆಯ ಬಿರುಕಿನಿಂದ ಕದ್ದು ನೋಡಿ ಕಲಿತನೆಂಬ ಕತೆಯೂ ಇದೆ. ನಮ್ಮ ಏಕಲವ್ಯನಂಥದೇ ಕತೆ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ನಿಧಾನವಾದ, ವಿಶಾಲವಾದ ಚಲನೆಗಳಾಗಿ ಜನಸಾಮಾನ್ಯರಿಗೆ ಮುಟ್ಟಿಸಿದ. 1956ರಲ್ಲಿ ಚೀನಾ ಸರಕಾರ ಯಾಂಗ್ ಪದ್ಧತಿಯಿಂದ 24 ಚಲನೆಗಳನ್ನು ಆಯ್ದು ಐದಾರು ನಿಮಿಷದ ಸರಳ ರೂಪವೊಂದನ್ನು ಮಾಡಿಸಿತು. ಜಗತ್ತಿನಲ್ಲಿ ಇಂದು ಹೆಚ್ಚು ಪ್ರಚಾರದಲ್ಲಿರುವುದು ಅದೇ. 2020ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ವಯಸ್ಸಾದವರು ಇದನ್ನು ಅಭ್ಯಾಸ ಮಾಡಿದರೆ ಬೀಳುವುದು ಕಡಿಮೆಯಾಗುತ್ತದೆಂದು ಹಲವು ವೈದ್ಯಕೀಯ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಈ ಕೊನೆಯ ಮಾತೇ ನನ್ನನ್ನು ಹಿಡಿದದ್ದು. ಕಲಿಯಲೇಬೇಕೆಂದು ಹೊರಟೆ.

ಮೊದಲ ಗುರು ಮೊಬೈಲ್. ಬೆಳಗಿನ ಐದಕ್ಕೆ ಮಹಡಿಯ ಮೇಲೆ ಅದನ್ನು ನೀರಿನ ತೊಟ್ಟಿಗೆ ಆನಿಸಿ, ಅದರೊಳಗಿನ ಮುದುಕನನ್ನು ನೋಡುತ್ತ ಕೈಕಾಲು ಆಡಿಸುವುದು. ಅವನು ನನ್ನೆದುರು ಮುಖಮಾಡಿ ನಿಂತಿದ್ದರಿಂದ ಅವನ ಎಡ ನನ್ನ ಬಲವಾಗುತ್ತಿತ್ತು. ಕೈ ನೋಡಿದರೆ ಕಾಲು ತಪ್ಪುತ್ತಿತ್ತು. ಮೂರು ತಿಂಗಳಲ್ಲಿ 24 ಚಲನೆಗಳೂ ಬಂದವು ಎಂದುಕೊಂಡೆ. ಮೊಬೈಲ್ ಒಂದು ದಿನವೂ ನನ್ನನ್ನು ತಪ್ಪು ಎನ್ನಲಿಲ್ಲ. ತಪ್ಪು ಎಂದದ್ದು ನನ್ನ ಬಲ ಮೊಣಕಾಲು. ಬಸ್ಸಿನ ಮೆಟ್ಟಿಲು ಹತ್ತುವಾಗ ಸೂಜಿ ಚುಚ್ಚಿದಂತಾಗತೊಡಗಿತು.

ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಎರಡು ದಿನಗಳ ಶಿಬಿರವೊಂದರ ಕರಪತ್ರ ಕೈಗೆ ಬಂತು. ಅಸಲಿ ಚೀನೀ ತಾಯ್ ಚಿ, ಕೊನೆಯಲ್ಲಿ ಪ್ರಮಾಣಪತ್ರ. ಕಲ್ಯಾಣ ಮಂಟಪದ ತುಂಬ ಜನ. ವೇದಿಕೆಯ ಮೇಲೆ ರೇಷ್ಮೆಯಂಥ ಬಿಳಿ ಬಟ್ಟೆಯ ಶಿಕ್ಷಕರು, ಹಿಂದೆ ಕೊಳಲಿನ ಸಂಗೀತ. ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಎರಡು ದಿನವೂ ವೇದಿಕೆಯಿಂದ ಕೆಳಗಿಳಿಯಲಿಲ್ಲ. ಪ್ರತಿ ಚಲನೆಯ ಕೊನೆಗೆ "ಎಲ್ಲರಿಗೂ ಬಂತಾ?" ಎಂದು ಧ್ವನಿವರ್ಧಕದಲ್ಲಿ ಕೇಳುತ್ತಿದ್ದರು. "ಬಂತು" ಎಂದು ನಾವೆಲ್ಲ ಕೂಗುತ್ತಿದ್ದೆವು. ನಾನೂ ಕೂಗಿದೆ, ಮೊಣಕಾಲು ಸುಡುತ್ತಿದ್ದರೂ. ಭಾನುವಾರ ಸಂಜೆ ಚಿನ್ನದ ಅಂಚಿನ ಪ್ರಮಾಣಪತ್ರ ಸಿಕ್ಕಿತು. ನಾನು ಇತರರಿಗೆ ಕಲಿಸಲು ಅರ್ಹನೆಂದು ಅದರಲ್ಲಿ ಬರೆದಿತ್ತು! ಸೋಮವಾರ ಬೆಳಿಗ್ಗೆ ಮೊಣಕಾಲು ಊದಿ ಶಾಲೆಗೆ ರಜೆ ಹಾಕಬೇಕಾಯಿತು.

ಮೂಳೆ ವೈದ್ಯರು ಕಾಲನ್ನು ಅಲ್ಲಿ ಇಲ್ಲಿ ತಿರುಗಿಸಿ ನೋಡಿ ಹೇಳಿದ್ದು ಸರಳವಾಗಿತ್ತು. ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮುಖ್ಯವಾಗಿ ಹಿಂದೆ ಮುಂದೆ ಮಡಚುವ ಕೀಲು. ಮಡಚಿ, ಅದರ ಮೇಲೆ ಭಾರ ಹಾಕಿ, ಪಾದವನ್ನು ನೆಲಕ್ಕೆ ಕಚ್ಚಿಸಿಕೊಂಡು ಮೈ ತಿರುಗಿಸಿದರೆ ಆ ತಿರುಚುವ ಬಲವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಆರು ವಾರ ವಿಶ್ರಾಂತಿ. "ಯಾರು ಹೇಳಿಕೊಟ್ಟರು ಇದನ್ನು?" ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ನೋಡಿದ್ದೆ, ನನ್ನನ್ನು ಯಾರೂ ನೋಡಿರಲಿಲ್ಲ.

ಮಣ್ಣು ಸುಳ್ಳು ಹೇಳುವುದಿಲ್ಲ

ಅವ್ವನನ್ನು ನೋಡಲು ಪ್ರತಿ ಭಾನುವಾರ ಸಿರುಗುಪ್ಪಕ್ಕೆ ಹೋಗುವುದು ರೂಢಿ. ಬಳ್ಳಾರಿಯಿಂದ ಸುಮಾರು 55 ಕಿಲೋಮೀಟರ್. ಕಾಲುವೆಯ ನೀರು ಬಂದ ದಿನಗಳಲ್ಲಿ ರಸ್ತೆಯ ಎರಡೂ ಕಡೆ ಭತ್ತದ ಹಸಿರು, ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳು. ನಾನು ಕುಂಟುತ್ತ ಹೋಗುವುದನ್ನು ಕಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಒಮ್ಮೆ ನಮ್ಮ ಉಸ್ತಾದರಿಗೆ ತೋರಿಸ್ರಿ" ಎಂದು ಗರಡಿಮನೆಗೆ ಕರೆದೊಯ್ದ.

ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು. ಒಳಗೆ ಹನುಮಂತ ದೇವರ ಪಟ, ಗೋಡೆಗೆ ಆನಿಸಿದ ಗದೆಗಳು, ನಡುವೆ ಅಗೆದು ಸಡಿಲ ಮಾಡಿದ ಕೆಂಪು ಮಣ್ಣಿನ ಅಖಾಡ. ಉಸ್ತಾದರಿಗೆ ಎಪ್ಪತ್ತು ದಾಟಿತ್ತು. ಬಹಳ ವರ್ಷ ಗಿರಣಿಯಲ್ಲಿ ಹಮಾಲಿ ಮಾಡಿದವರು. 75 ಕಿಲೋ ಭತ್ತದ ಚೀಲ ಹೊತ್ತು ಹಲಗೆಯ ಮೇಲೆ ಹತ್ತಿ ಲಾರಿ ತುಂಬಿದ ಕಾಲುಗಳು. ನಾನು ತಾಯ್ ಚಿ ಎಂದಾಗ ಅವರು ಹೇಳಿದ ಮೊದಲ ಮಾತು: "ಅದು ನನಗ ಗೊತ್ತಿಲ್ಲ ಮೇಷ್ಟ್ರೇ. ನಿಂದ್ರಾದು ಗೊತ್ತು. ಚಪ್ಪಲಿ ಬಿಟ್ಟು ಮಣ್ಣಾಗ ನಾಕು ಹೆಜ್ಜಿ ನಡೀರಿ."

ನಡೆದೆ. ಅವರು ನನ್ನನ್ನು ಬಿಟ್ಟು ನನ್ನ ಹೆಜ್ಜೆಗುರುತುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಇಲ್ನೋಡ್ರಿ. ಎಡಗಾಲು ಸಮ ಐತಿ. ಬಲಗಾಲಿನ ಒಳಬದಿ ಆಳ, ಹೊರಬದಿ ಮಣ್ಣು ಮುಟ್ಟೇ ಇಲ್ಲ. ನಿಮ್ಮ ಮೊಣಕಾಲು ಒಳಗ ಬೀಳಾಕತ್ತೈತಿ." ನಾನು ಹಾಗೇನೂ ಇಲ್ಲ, ನೆಟ್ಟಗೇ ನಡೆಯುತ್ತೇನೆ ಎಂದೆ. ಅವರು ನಕ್ಕರು. "ನೀವು ಸುಳ್ಳು ಹೇಳಬಹುದು, ನಾನು ಸುಳ್ಳು ಹೇಳಬಹುದು. ಮಣ್ಣು ಹೇಳಂಗಿಲ್ಲ."

ಇಪ್ಪತ್ತೆಂಟು ವರ್ಷ ಒತ್ತಡದ ಪಾಠ ಮಾಡಿದ್ದೇನೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಒತ್ತಡ ಹೆಚ್ಚಾದ ಕಡೆ ಮಣ್ಣು ಆಳಕ್ಕೆ ಹೋಗುತ್ತದೆ. ಅದನ್ನು ನನ್ನ ಪಾದದಿಂದಲೇ ಓದಬಹುದೆಂದು ಒಮ್ಮೆಯೂ ತೋಚಿರಲಿಲ್ಲ.

ವೈದ್ಯರ ಒಪ್ಪಿಗೆ ಪಡೆದು, ನೋವು ಇಳಿದ ಮೇಲೆ, ಎಂಟು ಭಾನುವಾರ ಅವರಲ್ಲಿಗೆ ಹೋದೆ. ದಂಡ ಬೈಠಕ್ ಏನೂ ಹೇಳಿಕೊಡಲಿಲ್ಲ. ನಿಲ್ಲಿಸಿದರು, ಅಷ್ಟೆ. ಪಾದಗಳು ಭುಜದಷ್ಟು ಅಗಲ, ಮಂಡಿ ತುಸುವೇ ಸಡಿಲ. "ಮೊಣಕಾಲು ಹೆಬ್ಬೆಟ್ಟಿನ ಕಡಿ ನೋಡಬಾರದು, ಪಕ್ಕದ ಬೆರಳ ಕಡಿ ನೋಡಬೇಕು." ಆಮೇಲೆ ಭಾರವನ್ನು ನಿಧಾನವಾಗಿ ಎಡಗಾಲಿಗೆ ದಾಟಿಸಿ ಬಲಗಾಲನ್ನು 'ಖಾಲಿ' ಮಾಡುವುದು. ಖಾಲಿಯಾಗಿದೆಯೋ ಇಲ್ಲವೋ ಎಂದು ನೋಡಲು ಅವರು ನನ್ನ ಪಾದದ ಕೆಳಗೆ ಬೆರಳು ತೂರಿಸುತ್ತಿದ್ದರು. ಬೆರಳು ಸಿಕ್ಕಿಕೊಂಡರೆ ಇನ್ನೂ ಭಾರವಿದೆ ಎಂದರ್ಥ. ಪ್ರತಿ ಭಾನುವಾರ ಒಂದೇ ಒಂದು ತಪ್ಪು ಹೇಳುತ್ತಿದ್ದರು. ಎರಡನೆಯದು ಕಾಣುತ್ತಿದ್ದರೂ ಅದು ಮುಂದಿನ ವಾರಕ್ಕೆ.

ಆಗ ಆ ಹುಡುಗಿಯ ಪ್ರಶ್ನೆಗೆ ಉತ್ತರ ಮೈಗೆ ಹತ್ತತೊಡಗಿತು. ನಾವು ಬಿರುಸಾಗಿ ನಡೆಯುವಾಗ ನಿಜಕ್ಕೂ ಮುಂದಕ್ಕೆ ಬೀಳುತ್ತಿರುತ್ತೇವೆ. ಬೀಳುವ ಮೊದಲೇ ಇನ್ನೊಂದು ಕಾಲು ಬಂದು ಹಿಡಿಯುತ್ತದೆ. ವೇಗ ನಮ್ಮ ತಪ್ಪನ್ನು ಮುಚ್ಚಿಡುತ್ತದೆ, ಓಡುವ ಸೈಕಲ್ ಬೀಳದ ಹಾಗೆ. ನಿಧಾನವಾಗಿ ನಡೆದರೆ ಆ ಅನುಕೂಲವಿಲ್ಲ. ಒಂದು ಪಾದ ಎತ್ತುವ ಮೊದಲೇ ದೇಹದ ಗುರುತ್ವಕೇಂದ್ರ ಇನ್ನೊಂದು ಪಾದದ ಮೇಲೆ ಬಂದಿರಬೇಕು, ಅಲ್ಲಿಯೇ ಇರಬೇಕು. ತಾಯ್ ಚಿ ನಿಧಾನವಾಗಿರುವುದು ಅಂದಕ್ಕಲ್ಲ, ತಪ್ಪು ಅಡಗಿಕೊಳ್ಳಲು ಜಾಗ ಸಿಗದಿರಲೆಂದು. ಇನ್ನೊಂದು ಮಾತು. ಬಂಡೆ ನಿಂತರೆ ನಿಂತೇ ಇರುತ್ತದೆ. ನಿಂತ ಮನುಷ್ಯ ಸದಾ ತೂಗುತ್ತಿರುತ್ತಾನೆ. ಕಣ್ಣು, ಒಳಗಿವಿಯ ಅರ್ಧವೃತ್ತ ನಾಳಗಳು, ಪಾದ ಮತ್ತು ಕೀಲುಗಳ ನರಗಳು ಕ್ಷಣಕ್ಷಣವೂ ಸುದ್ದಿ ಕಳಿಸುತ್ತವೆ, ಸ್ನಾಯುಗಳು ತಿದ್ದಿಕೊಳ್ಳುತ್ತವೆ. ನಿಲ್ಲುವುದೆಂದರೆ ಬಿಡುವಿಲ್ಲದೆ ತಿದ್ದಿಕೊಳ್ಳುವುದು. ನಂಬಿಕೆ ಬಾರದಿದ್ದರೆ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂಟಿ ಕಾಲಿನಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ.

ಯಾವುದು ಅಸಲಿ?

ಬೇಸಿಗೆ ರಜೆಯಲ್ಲಿ ಮಗಳು ಕೆಲಸ ಮಾಡುವ ಬೆಂಗಳೂರಿಗೆ ಹೋದಾಗ, ವಿಚಾರಿಸಿ ವಿಚಾರಿಸಿ ಒಬ್ಬ ತಾಯ್ ಚಿ ಶಿಕ್ಷಕಿಯನ್ನು ಕಂಡೆ. ಈ ಸಲ ಪ್ರಮಾಣಪತ್ರದ ವಿಷಯ ಕೇಳಲಿಲ್ಲ. ಒಂದು ದಿನ ಸುಮ್ಮನೆ ಕೂತು ನೋಡಲು ಬಿಡುತ್ತೀರಾ ಎಂದು ಕೇಳಿದೆ. ಸಂತೋಷದಿಂದ ಒಪ್ಪಿದರು. ಹತ್ತು ಹನ್ನೆರಡು ಜನರ ನಡುವೆ ಅವರು ಓಡಾಡುತ್ತಲೇ ಇದ್ದರು. ಒಬ್ಬರ ಭುಜ ಇಳಿಸುವುದು, ಇನ್ನೊಬ್ಬರ ಹಿಮ್ಮಡಿ ತಿರುಗಿಸುವುದು. ಯಾರಲ್ಲಿ ಕಲಿತಿರಿ ಎಂದರೆ ಹೆಸರು, ಎಷ್ಟು ವರ್ಷ ಎಲ್ಲ ಹೇಳಿದರು. "ನನಗೆ ಬರುವುದು ಯಾಂಗ್ ಪದ್ಧತಿ ಮಾತ್ರ. ಚೆನ್ ಪದ್ಧತಿ ಕಲಿತಿಲ್ಲ. ಇಬ್ಬರು ಕೈಗೆ ಕೈ ಆನಿಸಿ ಮಾಡುವ ಅಭ್ಯಾಸವನ್ನು ನಾನೇ ಇನ್ನೂ ಕಲಿಯುತ್ತಿದ್ದೇನೆ" ಎಂದರು. ಸಿರುಗುಪ್ಪದ ಉಸ್ತಾದರ 'ಅದು ನನಗ ಗೊತ್ತಿಲ್ಲ' ಕಿವಿಯಲ್ಲಿ ಮೊಳಗಿತು. ಸೇರಿಕೊಂಡೆ. ಮೊದಲ ದಿನ ಅವರು ಮೊಣಕಾಲಿನ ಕತೆ ಕೇಳಿ ಹೇಳಿದ್ದು: "ಸ್ವಲ್ಪ ನಡೆದು ತೋರಿಸಿ." ಇಪ್ಪತ್ತು ದಿನದಲ್ಲಿ ನಾನು ಕಲಿತದ್ದು 24ರಲ್ಲಿ ಆರು ಚಲನೆ. ಮೊಬೈಲ್ ಈಗಲೂ ಉಪಯೋಗಕ್ಕೆ ಬರುತ್ತದೆ. ಆದರೆ ತಿರುಗಿ: ನಾನು ಮಾಡುವುದನ್ನು ಚಿತ್ರೀಕರಿಸಿ ಅವರಿಗೆ ಕಳಿಸುತ್ತೇನೆ, ಅವರು ತಿದ್ದುತ್ತಾರೆ.

ಹಾಗಾದರೆ ಅಸಲಿ ಎಂದರೇನು? ಹಳೆಯದು, ಒಂದಕ್ಷರವೂ ಬದಲಾಗದೆ ಬಂದದ್ದು ಎಂದು ನಾನು ತಿಳಿದಿದ್ದೆ. ನಮ್ಮ ನಾಡಿನದೇ ಉದಾಹರಣೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆ ನಡೆಸಿದರು. 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದರು. ಅವರ ಶಿಷ್ಯರನ್ನು ನೋಡಿ. ಹಾಸನದ ಹತ್ತಿರದ ಕೌಶಿಕದ ಪಟ್ಟಾಭಿ ಜೋಯಿಸರು 1927ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಗುರುಗಳ ಪ್ರದರ್ಶನ ಕಂಡು ಹಿಂದೆ ಬಿದ್ದವರು. ಅವರು ಕಲಿಸಿದ್ದು ಉಸಿರಿನ ಎಣಿಕೆಗೆ ಹೊಂದಿಸಿ ಹರಿಯುವ ಆಸನಗಳ ಸರಣಿ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕಾಯಿಲೆಯ ಹುಡುಗನಾಗಿ 1934ರಲ್ಲಿ ಮೈಸೂರಿಗೆ ಬಂದು, 1937ರಲ್ಲಿ ಪುಣೆಗೆ ಹೋದವರು. ಅವರದು ಒಂದೊಂದು ಆಸನದಲ್ಲೂ ದೀರ್ಘವಾಗಿ ನಿಂತು, ಬೇಕಾದರೆ ಇಟ್ಟಿಗೆ, ಹಗ್ಗ, ಕುರ್ಚಿಯ ಆಸರೆ ಪಡೆದು, ಬೆರಳಿನ ತುದಿಯವರೆಗೂ ತಿದ್ದುವ ರೀತಿ. ಮಗ ದೇಶಿಕಾಚಾರ್ ಪ್ರತಿಯೊಬ್ಬರ ವಯಸ್ಸು, ದೇಹಸ್ಥಿತಿ ನೋಡಿ ಬೇರೆಬೇರೆ ಅಭ್ಯಾಸ ಕೊಟ್ಟರು. ಗುರು ಒಬ್ಬರೇ, ರೂಪ ಮೂರು. ಇದರಲ್ಲಿ ನಕಲಿ ಯಾವುದು?

ಯಾವುದೂ ಅಲ್ಲ. ಮೂವರೂ ಅದನ್ನು ಪಡೆದದ್ದು ಪಕ್ಕದಲ್ಲಿ ನಿಂತು ತಿದ್ದಿದ ಗುರುವಿನಿಂದ, ಕೊಟ್ಟದ್ದೂ ಹಾಗೆಯೇ. ಜೋಯಿಸರ ಲಕ್ಷ್ಮೀಪುರಂ ಮನೆಯ ಶಾಲೆಯಲ್ಲಿ ಒಮ್ಮೆಗೆ ಹನ್ನೆರಡು ಜನಕ್ಕಷ್ಟೇ ಜಾಗವಿತ್ತು. ವಿದೇಶಗಳಿಂದ ಬಂದವರೂ ಮೆಟ್ಟಿಲ ಮೇಲೆ ಕೂತು ಸರದಿ ಕಾಯುತ್ತಿದ್ದರು. ವಿದ್ಯೆಯ ಅಸಲಿತನ ಭಂಗಿಯಲ್ಲಿಲ್ಲ, ಪ್ರಮಾಣಪತ್ರದಲ್ಲಂತೂ ಇಲ್ಲ. ಗುರುವಿನ ಕಣ್ಣು ಶಿಷ್ಯನ ಮೇಲೆ ಬಿದ್ದಿತೇ ಎಂಬುದರಲ್ಲಿದೆ. ಹಾಗೆಂದು ಹೆಸರುವಾಸಿ ಪರಂಪರೆ ಇದ್ದ ಕಡೆಯೆಲ್ಲ ಒಳ್ಳೆಯ ಪಾಠ ಸಿಗುತ್ತದೆಂದೂ ಅಲ್ಲ. ಅಲ್ಲಿಯೂ ಹೋಗಿ, ಕೂತು, ನೋಡಲೇಬೇಕು.

'ಬಂತು' ಎನ್ನುವ ಮಕ್ಕಳು

ಜೂನಿನಲ್ಲಿ ಶಾಲೆ ತೆರೆಯಿತು. ಮೊದಲ ವಾರವೇ ಪಾಠ ಮುಗಿಸಿ, ಅಭ್ಯಾಸಬಲದಿಂದ "ಎಲ್ಲರಿಗೂ ಅರ್ಥವಾಯಿತಾ?" ಎಂದೆ. "ಆಯ್ತು ಸಾರ್" ಎಂದರು ಒಂದೇ ದನಿಯಲ್ಲಿ. ಆ ಕೂಗನ್ನು ನಾನು ಎಲ್ಲಿ ಕೇಳಿದ್ದೆನೆಂದು ಥಟ್ಟನೆ ಹೊಳೆಯಿತು: ಕಲ್ಯಾಣ ಮಂಟಪದಲ್ಲಿ. ಮೊಣಕಾಲು ಸುಡುತ್ತಿದ್ದರೂ ನಾನು ಹಾಗೇ ಕೂಗಿದ್ದೆನಲ್ಲ? ಇಪ್ಪತ್ತೆಂಟು ವರ್ಷ ನಾನೂ ವೇದಿಕೆಯಿಂದ ಇಳಿದಿರಲಿಲ್ಲ. ಅಂದವಾದ ಅಕ್ಷರದ ನೋಟ್ ಪುಸ್ತಕಗಳಿಗೆ 'ಉತ್ತಮ' ಎಂದು ಬರೆದು ಕಳಿಸಿದ ಮಕ್ಕಳಲ್ಲಿ ಎಷ್ಟು ಮಂದಿಯ ಒಳಗೆ ನೋವಿತ್ತೋ, ನಾನು ಬಗ್ಗಿ ಹೆಜ್ಜೆಗುರುತು ನೋಡಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಗುರುತ್ವಕೇಂದ್ರದ ಪಾಠ ಗೋಡೆಯ ಹತ್ತಿರ ನಡೆಯುತ್ತದೆ. ಬಲ ಭುಜ, ಬಲ ಪಾದದ ಹೊರಬದಿ ಎರಡನ್ನೂ ಗೋಡೆಗೆ ಒತ್ತಿ ನಿಂತು ಎಡಗಾಲು ಎತ್ತಲು ಹೇಳುತ್ತೇನೆ. ಯಾರಿಗೂ ಆಗುವುದಿಲ್ಲ. ಎತ್ತಬೇಕಾದರೆ ಮೈ ಬಲಕ್ಕೆ ವಾಲಬೇಕು, ಗೋಡೆ ಬಿಡುವುದಿಲ್ಲ. ಏಕೆ ಆಗಲಿಲ್ಲ ಎಂದು ಅವರೇ ಹೇಳಬೇಕು. ನಾನು ಒಬ್ಬೊಬ್ಬರ ಹತ್ತಿರ ಹೋಗಿ ಕೇಳುತ್ತೇನೆ. ಒಂದು ದಿನದ ಪಾಠಕ್ಕೆ ಮೂರು ದಿನ ಹಿಡಿಯುತ್ತದೆ. ಪಠ್ಯ ಮುಗಿಸುವ ಅವಸರ ಈಗಲೂ ಬೆನ್ನ ಹಿಂದೆ ಇದ್ದೇ ಇದೆ, ಎಲ್ಲ ಪಾಠಕ್ಕೂ ಹೀಗೆ ಮಾಡಲು ಸಾಧ್ಯವಾಗಿಲ್ಲ.

ಪಾಲಕರು ನನ್ನನ್ನು ಕೇಳುವುದುಂಟು: ಯಾವ ಟ್ಯೂಷನ್ನಿಗೆ ಹಾಕೋಣ, ಯಾವ ಕರಾಟೆ ತರಗತಿ ಒಳ್ಳೆಯದು, ಯೋಗಕ್ಕೆ ಯಾರ ಹತ್ತಿರ ಕಳಿಸೋಣ? ಹೆಸರು ಹೇಳುವುದಿಲ್ಲ, ಇಷ್ಟು ಹೇಳುತ್ತೇನೆ. ಹಣ ಕಟ್ಟುವ ಮೊದಲು ಒಂದು ದಿನ ಕೂತು ನೋಡಿ. ಕೂರಲು ಬಿಡದಿದ್ದರೆ ಎದ್ದು ಬನ್ನಿ. ಕಲಿಸುವವರ ಕಣ್ಣು ಮಕ್ಕಳ ಮೇಲಿದೆಯೋ ತಮ್ಮ ಮೇಲಿದೆಯೋ ಗಮನಿಸಿ. 'ನನಗೆ ಗೊತ್ತಿಲ್ಲ' ಎನ್ನಲು ಅವರಿಗೆ ನಾಚಿಕೆಯಿದೆಯೇ ನೋಡಿ. ನೋವೆಂದು ಮಗು ಹೇಳಿದರೆ ನಿಲ್ಲಿಸುತ್ತಾರೋ, ತಾಳಿಕೊ ಎನ್ನುತ್ತಾರೋ ಕೇಳಿ. ಎಷ್ಟು ತಿಂಗಳಿಗೆ ಯಾವ ಬೆಲ್ಟ್, ಯಾವ ಪ್ರಮಾಣಪತ್ರ ಎಂದು ಮೊದಲೇ ಲೆಕ್ಕ ಕೊಡುವವರಲ್ಲಿ ಸ್ವಲ್ಪ ಅನುಮಾನವಿರಲಿ. ವಿದ್ಯಾರ್ಥಿಗಳಿಗೆ ಒಂದೇ ಮಾತು: ಬಾರದಿದ್ದಾಗ 'ಬಂತು' ಎನ್ನಬೇಡಿ. ಒಳ್ಳೆಯ ಗುರುವೂ ನಿಮ್ಮ ಸುಳ್ಳಿನ ಮುಂದೆ ಸೋಲುತ್ತಾನೆ.

ಅವ್ವ ಈಗ ಊರುಗೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ಭಾನುವಾರ ನಾನು ಹೋದಾಗ, ವೈದ್ಯರು ಹೇಳಿಕೊಟ್ಟಂತೆ, ಅಡಿಗೆಮನೆಯ ಕಟ್ಟೆ ಹಿಡಿದು ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು ಅವಳ ಪಾದ ನೋಡುತ್ತೇನೆ. "ಏನು ಹಂಗ ನೋಡ್ತೀಯೋ" ಎಂದು ಗದರುತ್ತಾಳೆ.

ಪ್ರಶ್ನೆ ಕೇಳಿದ ಹುಡುಗಿ ಹತ್ತನೆಯ ತರಗತಿಗೆ ಬಂದಳು. ಶಾಲೆಯ ಅಂಗಳದಲ್ಲಿ ಒಂದು ಸಂಜೆ ನಾನು ಆರು ಚಲನೆಗಳನ್ನೂ ಮಾಡಿ ತೋರಿಸಿದೆ, ಬೀಳಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ. ನೆಲಕ್ಕೆ ಬಗ್ಗಿ ನನ್ನ ಕಾಲನ್ನೇ ನೋಡುತ್ತಿದ್ದಳು.

"ಸಾರ್, ನಾಕನೇದಕ್ಕ ನಿಮ್ಮ ಬಲಗಾಲು ಪೂರಾ ಖಾಲಿ ಆಗಿರಲಿಲ್ಲ ನೋಡ್ರಿ" ಎಂದಳು.

ಹೌದು, ಆಗಿರಲಿಲ್ಲ. ಮತ್ತೊಮ್ಮೆ ಮಾಡಿದೆ.